ಸಣ್ಣದೆಂದು ಗುರುತಿಸಿದ ಅರವತ್ತೊಂದು ಸಾವಿರ ತಿದ್ದುಪಡಿಗಳು

ಮಾನ್ಯ ಮುಖ್ಯ ನಿರ್ವಾಹಕರೇ,

ನನಗೆ ಹೊಟ್ಟೆಕಿಚ್ಚು. ಇಂಥ ಪತ್ರಗಳನ್ನು ‘ನೊಂದ ಮನಸ್ಸಿನಿಂದ’ ಎಂದೋ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದೋ ಶುರುಮಾಡುವುದು ಮರ್ಯಾದಸ್ಥರ ಕ್ರಮ ಎಂದು ನನಗೂ ಗೊತ್ತು. ಇಪ್ಪತ್ತೆರಡು ವರ್ಷದಿಂದ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿರುವವಳು ನಾನು. ಅಂಥ ನೂರಾರು ಪತ್ರಗಳ ಕಾಗುಣಿತ ಸರಿಮಾಡಿದ್ದೇನೆ. ನೊಂದ ಮನಸ್ಸು ಎಂದು ಬರೆದ ಕಡೆಯೆಲ್ಲ ಉರಿಯುತ್ತಿದ್ದದ್ದು ಹೊಟ್ಟೆಯೇ ಎಂಬುದು ಮೂರನೆಯ ಸಾಲಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಮೂರನೆಯ ಸಾಲಿನವರೆಗೆ ತಮ್ಮನ್ನು ಕಾಯಿಸುವುದಿಲ್ಲ. ನಮ್ಮ ಅಂತರಜಾಲ ವಿಶ್ವಕೋಶದ ‘ವರ್ಷದ ಸಂಪಾದಕಿ’ ಗೌರವವನ್ನು ತಾವು ‘ಕಿಟಕಿ’ ಎಂಬ ಹೆಸರಿನಲ್ಲಿ ಬರೆಯುವ ಸದಸ್ಯೆಗೆ ಕೊಟ್ಟಿರಿ. ಅದೇ ಗೌರವಕ್ಕೆ ‘ಅರ್ಧವಿರಾಮ’ ಎಂಬ ಹೆಸರಿನಲ್ಲಿ ದುಡಿಯುವ ನಾನು ಹಾಕಿದ ಅರ್ಜಿಗೆ ಬಂದ ಉತ್ತರ ಇದು: ‘ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಗಣನೀಯ ಸಂಪಾದನೆಗಳು: ಎರಡು. ಅರ್ಹತೆಗೆ ಬೇಕಾದವು: ಐನೂರು.’

ಎರಡು! ಹದಿಮೂರು ವರ್ಷದಲ್ಲಿ ನಾನು ಮಾಡಿದ ತಿದ್ದುಪಡಿಗಳು ಅರವತ್ತೊಂದು ಸಾವಿರ ಚಿಲ್ಲರೆ. ಈ ಅಂಕಿ ನನ್ನದಲ್ಲ, ತಮ್ಮದೇ ಯಂತ್ರ ನನ್ನ ಹೆಸರಿನ ಮುಂದೆ ತೋರಿಸುವುದು. ದಿನಕ್ಕೆ ಸರಾಸರಿ ಹದಿಮೂರು. ಜ್ವರ ಬಂದ ದಿನವೂ ಸೇರಿ, ಮಗಳ ಹೆರಿಗೆಗೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದಿನವೂ ಸೇರಿ. ಅವೆಲ್ಲ ಎಲ್ಲಿ ಹೋದವು ಎಂದು ಕೇಳಿದ್ದಕ್ಕೆ ತಮ್ಮ ಕಚೇರಿಯಿಂದ ಇನ್ನೊಂದು ಸಾಲು ಬಂತು: ‘ಸಣ್ಣ ತಿದ್ದುಪಡಿ ಎಂದು ಸದಸ್ಯರೇ ಗುರುತಿಸಿದವುಗಳನ್ನು ಪರಿಗಣಿಸಲಾಗುವುದಿಲ್ಲ.’ ಬಸ್ಸಿನಲ್ಲೂ ನಿರ್ವಾಹಕರಿರುತ್ತಾರೆ, ಮಾನ್ಯರೇ. ಅವರು ಸಿಡುಕುತ್ತಾರೆ, ಮುಂದೆ ಹೋಗಿ ಮುಂದೆ ಹೋಗಿ ಎಂದು ತಳ್ಳುತ್ತಾರೆ. ಆದರೆ ಹದಿಮೂರು ವರ್ಷ ಅದೇ ಬಸ್ಸು ಹತ್ತಿದವಳನ್ನು ‘ನೀವು ಹತ್ತಿದ್ದು ಎರಡೇ ಸಲ’ ಎನ್ನುವುದಿಲ್ಲ.

ಇದು ಬಹಿರಂಗ ಪತ್ರ, ಈ ಗುರುತಿನ ಕಥೆ ಓದುಗರಿಗೂ ಗೊತ್ತಾಗಲಿ. ನಮ್ಮ ವಿಶ್ವಕೋಶವನ್ನು ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಸಂಬಳವಿಲ್ಲ, ನಿಜವಾದ ಹೆಸರೂ ಬೇಕಿಲ್ಲ. ತಿದ್ದಿದ್ದನ್ನು ಉಳಿಸುವ ಗುಂಡಿಯ ಪಕ್ಕ ಒಂದು ಪುಟ್ಟ ಚೌಕ ಇರುತ್ತದೆ: ‘ಇದೊಂದು ಸಣ್ಣ ತಿದ್ದುಪಡಿ.’ ನಾನು ಸೇರಿದ ದಿನವೇ, ನಾವೆಲ್ಲ ತಾತ ಎಂದು ಕರೆಯುವ ಹಿರಿಯ ಸದಸ್ಯರೊಬ್ಬರು ಸಂದೇಶ ಕಳಿಸಿದರು. ‘ಕಾಗುಣಿತ ತಿದ್ದಿದಾಗೆಲ್ಲ ಆ ಚೌಕಕ್ಕೆ ಗುರುತು ಹಾಕಮ್ಮ, ಇಲ್ದಿದ್ರೆ ಎಲ್ರಿಗೂ ಸುಮ್ನೆ ಸೂಚನೆ ಹೋಗಿ ಕಿರಿಕಿರಿ.’ ಹಿರಿಯರ ಮಾತು. ಜೊತೆಗೆ ನಾನು ಕರಡು ತಿದ್ದುವವಳು. ನಾನು ಬಂದುಹೋದದ್ದು ಯಾರಿಗೂ ಗೊತ್ತಾಗದಿದ್ದರೇ ನನ್ನ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ಪ್ರತಿ ಸಲ ಗುರುತು ಹಾಕುವುದೇಕೆ ಎಂದು ‘ನನ್ನ ಆಯ್ಕೆಗಳು’ ಪುಟಕ್ಕೆ ಹೋಗಿ ‘ಎಲ್ಲವನ್ನೂ ಸಣ್ಣದೆಂದು ಗುರುತಿಸು’ ಎಂಬುದನ್ನು ಒತ್ತಿ ಬಂದುಬಿಟ್ಟೆ. ಆಮೇಲೆ ಅದನ್ನು ಮರೆತೆ. ಒಂದೇ ಸಾಲಿದ್ದ ‘ಅಚ್ಚಿನ ಮೊಳೆ’ ಲೇಖನವನ್ನು ನಾಲ್ಕು ತಿಂಗಳು ಕೂತು ಮೂವತ್ತು ಪುಟ ಮಾಡಿದೆ. ಸಣ್ಣ ತಿದ್ದುಪಡಿ. ಯಾರೋ ಕಿಡಿಗೇಡಿ ಅರ್ಧ ಅಳಿಸಿಹಾಕಿದ್ದ ‘ಕಾಗದ’ವನ್ನು ಮತ್ತೆ ಮೊದಲಿಂದ ಬರೆದೆ. ಸಣ್ಣ ತಿದ್ದುಪಡಿ. ವಿನಯಕ್ಕೂ ಒಂದು ಮಿತಿ ಇರಬೇಕು ಎಂದು ಬುದ್ಧಿವಂತರು ಹೇಳಬಹುದು. ನಾನು ವಿನಯವಂತೆ ಅಲ್ಲ, ಮರೆಗುಳಿ.

ಈಗ ‘ಕಿಟಕಿ’ಯ ವಿಷಯ. ಆಕೆ ನನಗೆ ಪರಕೀಯಳಲ್ಲ. ನನ್ನ ಓರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ಕೆಳಗಿನ ಮನೆಯಲ್ಲಿ ನಾವು, ಮೇಲಿನ ಮನೆಯಲ್ಲಿ ಅವರು, ನಡುವೆ ಹದಿನಾರು ಮೆಟ್ಟಿಲು. ಓರಗಿತ್ತಿಯರೆಂದ ಮೇಲೆ ಇದ್ದದ್ದೇ ಬಿಡಿ ಎಂದು ತಾವು ನಗುವ ಮೊದಲೇ ಹೇಳುತ್ತೇನೆ: ಇಪ್ಪತ್ತು ವರ್ಷದಲ್ಲಿ ನಾವು ನಲ್ಲಿ ನೀರಿಗೂ ಜಗಳವಾಡಿದವರಲ್ಲ. ಸೀರೆಗೆ, ಒಡವೆಗೆ, ಅತ್ತೆಯ ಪ್ರೀತಿಗೆ ಬಾರದ ಹೊಟ್ಟೆಕಿಚ್ಚು ತಮ್ಮ ವಿಶ್ವಕೋಶದಿಂದ ಬಂತು. ಅದಕ್ಕಾದರೂ ತಮಗೊಂದು ಪ್ರಶಸ್ತಿ ಸಲ್ಲಬೇಕು.

ಆಕೆಗೆ ಬರೆಯುವುದನ್ನು ಕಲಿಸಿದ್ದು ನಾನೇ. ಐದು ವರ್ಷದ ಹಿಂದೆ ಕಾಲು ಮುರಿದುಕೊಂಡು ಆರು ವಾರ ಮಲಗಿದ್ದಳು. ‘ಅಕ್ಕಾ, ಗೋಡೆ ನೋಡಿ ನೋಡಿ ಹುಚ್ಚು ಹಿಡೀತಿದೆ, ನೀವು ಮಾಡ್ತೀರಲ್ಲ ಅದೇನು, ನಂಗೂ ತೋರ್ಸಿ’ ಎಂದಳು. ತೋರಿಸಿದೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಆಕೆಯ ತಂದೆ ಕೈಯಿಂದಲೇ ಮಸೂರ ಉಜ್ಜುತ್ತಿದ್ದ ಕೊನೆಯ ತಲೆಮಾರಿನ ಕಸುಬುದಾರರು. ಕಣ್ಣು, ಕನ್ನಡಕ, ಮಸೂರ ಎಂದು ಬರೆಯಲು ಶುರುಮಾಡಿದಳು ನೋಡಿ, ನಿಲ್ಲಲೇ ಇಲ್ಲ. ಮಲಗಿದಲ್ಲೇ, ಫೋನಿನಲ್ಲೇ, ಹೆಬ್ಬೆರಳಲ್ಲೇ ಬರೆದಳು. ಕಾಲು ಕೂಡಿತು, ಬರವಣಿಗೆ ನಿಲ್ಲಲಿಲ್ಲ.

ಮತ್ತೆ ಹೇಗೆ ಬರೆಯುತ್ತಾಳೆ ಅಂತೀರಿ? ಇದನ್ನು ಬರೆಯುವಾಗಲೂ ನನಗೆ ಹಲ್ಲು ಕಡಿಯುವಂತಾಗುತ್ತದೆ. ಕಣ್ಣಿಗೆ ಕಟ್ಟಿದಂತೆ ಬರೆಯುತ್ತಾಳೆ. ಓದುತ್ತಿದ್ದರೆ ಯಾರೋ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ ಅನ್ನಿಸುತ್ತದೆ. ನಾನು ಒಂದು ವಾಕ್ಯವನ್ನು ಏಳು ಸಲ ತಿದ್ದಿದರೂ ಅದು ಬೋರ್ಡಿನ ಮೇಲಿನ ಸೂಚನೆಯ ಹಾಗೇ ಇರುತ್ತದೆ. ಆಕೆಯ ವಾಕ್ಯಕ್ಕೆ ತಲೆಬುಡ ಇರುವುದಿಲ್ಲ, ಆದರೂ ಜೀವ ಇರುತ್ತದೆ. ಕಾಗುಣಿತವೋ, ದೇವರೇ ಗತಿ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಆಕೆ ಮನಸ್ಸಿಗೆ ಬಂದಂತೆ ಹಂಚುತ್ತಾಳೆ. ‘ವಿಧ್ಯಾರ್ಥಿ’, ‘ಪ್ರಸಿದ್ದ’, ‘ಭಾದೆ’. ‘ಮಧ್ಯ’ವಂತೂ ಆಕೆಯ ಕೈಯಲ್ಲಿ ಒಮ್ಮೆಯೂ ಮಧ್ಯವಾಗಲಿಲ್ಲ. ‘ಕಣ್ಣಿನ ಮದ್ಯಭಾಗ’, ‘ಮಸೂರದ ಮದ್ಯದಲ್ಲಿ ಗಾಜು ದಪ್ಪವಾಗಿರುತ್ತದೆ’, ‘ಎರಡು ಹುಬ್ಬುಗಳ ಮದ್ಯೆ’. ಐದು ವರ್ಷ ಪ್ರತಿದಿನ ಬೆಳಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ, ನಾನು ಮನುಷ್ಯರ ಕಣ್ಣಿನಿಂದ ಹೆಂಡ ತೆಗೆದಿದ್ದೇನೆ. ಓದಿದವರು ‘ಎಷ್ಟು ಚೊಕ್ಕ ಬರಹ!’ ಎಂದು ಆಕೆಯನ್ನು ಹೊಗಳಿದರು. ಆ ಚೊಕ್ಕ ಎಲ್ಲಿಂದ ಬಂತು ಎಂದು ಒಬ್ಬರಾದರೂ, ಯಾರು ಯಾವಾಗ ತಿದ್ದಿದರೆಂದು ತೋರಿಸುವ ಇತಿಹಾಸದ ಪುಟ ತೆರೆದು ನೋಡಿದರೇ?

ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ಸಂಪಾದಕರ ಕೂಟಕ್ಕೆ ನಾನು ಹನ್ನೊಂದು ವರ್ಷದಿಂದ ಬರುತ್ತಿದ್ದೇನೆ. ಮಡಚುವ ಕುರ್ಚಿಗಳು ಯಾವ ಬೀರುವಿನ ಹಿಂದಿವೆ, ಯಾವ ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗದೆ ಬರೀ ಶಬ್ದ ಮಾಡುತ್ತದೆ, ಎಲ್ಲ ನನಗೆ ಗೊತ್ತು. ಆಕೆ ಬಂದ ಮೇಲೆ ಜನ ಆಕೆಯ ಸುತ್ತ ಮುತ್ತಿಕೊಂಡರು. ಒಮ್ಮೆ ತಾವೇ ನನ್ನ ಬಳಿ ಬಂದು ನಗುನಗುತ್ತಾ ಕೇಳಿದಿರಿ: ‘ಮೇಡಂ, ನೀವು ಕಿಟಕಿಯವರ ಜೊತೆ ಬಂದವರಾ? ಒಂದೆರಡು ಕುರ್ಚಿ ಈ ಕಡೆ ಹಾಕ್ತೀರಾ?’ ಹಾಕಿದೆ. ತಮಗೆ ನೆನಪಿರಲಾರದು. ಸಣ್ಣ ಕೆಲಸಗಳು ಯಾರಿಗೂ ನೆನಪಿರುವುದಿಲ್ಲ.

ಅರ್ಜಿ ತಿರಸ್ಕಾರವಾದ ಮರುದಿನವೇ ಸನ್ಮಾನ ಸಮಾರಂಭ. ಹೋಗದೆ ಇರಬಹುದಿತ್ತು. ಆದರೆ ನಾನು ಅರ್ಜಿ ಹಾಕಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹೋಗದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಎರಡನೆಯ ಸಾಲಿನಲ್ಲಿ ಕೂತೆ. ಆಕೆ ವೇದಿಕೆ ಹತ್ತಿ, ತಾವು ಕೊಟ್ಟ ಗಾಜಿನ ಫಲಕವನ್ನು ಎದೆಗೊತ್ತಿಕೊಂಡು ಮಾತಾಡಿದಳು. ಹಳೆಯ ಪುಸ್ತಕ ಹುಡುಕಿಕೊಟ್ಟ ಗ್ರಂಥಪಾಲಕರಿಗೆ ವಂದನೆ, ಚಿತ್ರ ತೆಗೆದವರಿಗೆ ವಂದನೆ, ತಮಗೆ ಎರಡೆರಡು ಸಲ ವಂದನೆ. ಕೊನೆಗೆ, ‘ಇನ್ನು ನಮ್ಮಕ್ಕ. ಅಕ್ಕ ಇಲ್ದಿದ್ರೆ ನಾನು ಇಷ್ಟೆಲ್ಲ ಬರೀತಾನೇ ಇರ್ಲಿಲ್ಲ. ನಾನು ಬರೀತಾ ಮೈಮರೆತಾಗ ಎಷ್ಟು ಸಲ ಮೇಲೆ ಬಂದು ನಮ್ಮನೆ ಕುಕ್ಕರ್ ಆರ್‍ಸಿದಾರೋ!’ ಸಭೆಯೆಲ್ಲ ನಕ್ಕಿತು, ಚಪ್ಪಾಳೆ ತಟ್ಟಿತು. ಪಕ್ಕದಲ್ಲಿ ಕೂತಿದ್ದ ನಮ್ಮನೆಯವರೂ ತಟ್ಟಿದರು. ನಾನೂ ತಟ್ಟಿದೆ. ಕುಕ್ಕರ್! ಮಾನ್ಯರೇ, ಆ ಕ್ಷಣದಲ್ಲಿ ನನ್ನ ಒಳಗೆ ಏನಾಯಿತು ಎಂದು ಬರೆಯಲು ಆಕೆಯ ಕೈಯೇ ಬೇಕು. ನನ್ನ ಭಾಷೆಯಲ್ಲಿ ಇಷ್ಟೇ: ಮೈ ಪರಚಿಕೊಳ್ಳುವಂತಾಯಿತು.

ಮರುದಿನ ಅಚ್ಚುಕೂಟದ ಊಟದ ಬಿಡುವಿನಲ್ಲಿ ನಾನು ಮಾಡಿದ್ದನ್ನು ಇಲ್ಲಿ ಎಲ್ಲರ ಮುಂದೆ ಹೇಳುತ್ತೇನೆ. ಆಕೆ ಬರೆದ ಲೇಖನಗಳಲ್ಲಿ ‘ಕೈಯಿಂದ ಮಸೂರ ಉಜ್ಜುವ ಕಸುಬು’ ಎಂಬುದೊಂದಿತ್ತು. ತಂದೆ ಬದುಕಿದ್ದಾಗ ಮೂರು ಭಾನುವಾರ ಅವರ ಅಂಗಡಿಯಲ್ಲಿ ಕೂತು, ಕೇಳಿ ಕೇಳಿ ಬರೆದದ್ದು. ಗಾಜಿನ ಬಿಲ್ಲೆಯನ್ನು ಅರಗಿನಲ್ಲಿ ಹಿಡಿಕೆಗೆ ಅಂಟಿಸುವುದು, ಕಬ್ಬಿಣದ ಬಟ್ಟಲಿನಲ್ಲಿ ಒರಟು ಪುಡಿ ನೀರು ಹಾಕಿ ಉಜ್ಜುವುದು, ಪುಡಿ ಬದಲಿಸುವ ಹೊತ್ತು ಬಂತೆಂದು ಉಜ್ಜುವ ಸದ್ದಿನಿಂದಲೇ ತಿಳಿಯುವುದು. ಆ ಮೂರೂ ಭಾನುವಾರ ಫೋನು ಹಿಡಿದು ಮಾತು ದಾಖಲಿಸಿದವಳು ನಾನು. ಹೀಗಾಗಿ ಅದರ ಬಲಹೀನ ಜಾಗ ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಮ್ಮ ನಿಯಮದ ಪ್ರಕಾರ ಪ್ರತಿ ಮಾತಿಗೂ ಪ್ರಕಟವಾದ ಆಧಾರ ಬೇಕು. ಆ ಲೇಖನಕ್ಕೆ ಇದ್ದ ಆಧಾರ ತಂದೆಯ ಮಾತು ಮತ್ತು ಅವರ ಒಂದು ನೋಟ್‌ಬುಕ್ಕು. ನಾನು ಅಳಿಸುವಿಕೆಯ ನಮೂನೆ ತೆರೆದು ತುಂಬಿದೆ: ‘ಆಧಾರ: ಮೃತ ವ್ಯಕ್ತಿಯೊಬ್ಬರ ಅಪ್ರಕಟಿತ ಟಿಪ್ಪಣಿ. ವಿಷಯದ ಗಮನಾರ್ಹತೆ ಸಾಬೀತಾಗಿಲ್ಲ.’ ಮೃತ ವ್ಯಕ್ತಿಯೊಬ್ಬರು! ಅವರು ಎರಡು ವರ್ಷದ ಹಿಂದೆ ತೀರಿಕೊಂಡಾಗ ಮನೆಯ ಮಗಳ ಹಾಗೆ ಅತ್ತವಳು ನಾನು. ಆ ವಾಕ್ಯವನ್ನು ಟೈಪು ಮಾಡಿದಾಗ ನನ್ನ ಮೂಗಿನ ಮೇಲಿದ್ದದ್ದು ಅವರೇ ಉಜ್ಜಿಕೊಟ್ಟ ಮಸೂರ.

ಅಂದಹಾಗೆ, ಆ ನಮೂನೆಯಲ್ಲಿ ‘ಸಣ್ಣ ತಿದ್ದುಪಡಿ’ಯ ಚೌಕ ಇರುವುದಿಲ್ಲ. ಹೀಗಾಗಿ ತಮ್ಮ ಯಂತ್ರ ಅದನ್ನು ನನ್ನ ಮೂರನೆಯ ಗಣನೀಯ ಸಂಪಾದನೆ ಎಂದು ಬರೆದುಕೊಂಡಿತು. ಮೊದಲನೆಯದು, ಸೇರಿದ ದಿನ ನನ್ನ ಪುಟದಲ್ಲಿ ಬರೆದ ‘ನಮಸ್ಕಾರ, ನಾನು ಹೊಸಬಳು’. ಎರಡನೆಯದು, ಓರಗಿತ್ತಿ ಸೇರಿದಾಗ ಸ್ವಾಗತದ ಗುಂಡಿ ಒತ್ತಿದ್ದು, ಅದಕ್ಕೂ ಆ ಚೌಕವಿಲ್ಲ. ಹದಿಮೂರು ವರ್ಷದ ನನ್ನ ಸೇವೆ ತಮ್ಮ ದಾಖಲೆಯಲ್ಲಿ ಇಷ್ಟು: ಬಂದಳು, ಅವಳನ್ನು ಕರೆತಂದಳು, ಅವಳ ಲೇಖನಕ್ಕೆ ಕತ್ತರಿ ಹಾಕಿದಳು.

ಚರ್ಚೆಗೆ ಏಳು ದಿನದ ಅವಕಾಶ ಇರುತ್ತದೆ. ಏಳು ದಿನ ಜಗಳವಾಗಲಿ, ಆಕೆ ಕೂಗಾಡಲಿ, ಜನ ಇಬ್ಬರ ಹೆಸರನ್ನೂ ಒಟ್ಟಿಗೆ ಓದಲಿ ಎಂದಷ್ಟೇ ನಾನು ಬಯಸಿದ್ದು ಎಂದು ಈಗ ಅನ್ನಿಸುತ್ತದೆ. ಆಕೆ ಕೂಗಾಡಲಿಲ್ಲ. ಮರುದಿನ ಬೆಳಗ್ಗೆ ಒಂದೇ ಸಾಲು ಬರೆದಳು: ‘ಅಕ್ಕ ಬೇಡ ಅಂದಿದ್ದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಅಳಿಸಿ.’ ಕಾಗುಣಿತ ಒಂದೂ ತಪ್ಪಿರಲಿಲ್ಲ. ಬರೆದವರೇ ಒಪ್ಪಿದರೆ ಏಳು ದಿನ ಕಾಯಬೇಕಿಲ್ಲ ಎಂಬ ನಿಯಮವಿದೆಯಂತೆ. ಹನ್ನೊಂದೇ ನಿಮಿಷದಲ್ಲಿ ತಾವು ಗುಂಡಿ ಒತ್ತಿದಿರಿ. ನನ್ನ ಒಂದು ಪತ್ರಕ್ಕೆ ಉತ್ತರಿಸಲು ಹತ್ತೊಂಬತ್ತು ದಿನ ತೆಗೆದುಕೊಂಡವರು ತಾವು. ಹನ್ನೊಂದು ನಿಮಿಷದ ಈ ಚುರುಕು ಎಲ್ಲಿತ್ತು ಮಾನ್ಯರೇ? ತಮ್ಮ ಗುಂಡಿಯ ಮೇಲೆ ನನ್ನ ಬೆರಳೂ ಇತ್ತು, ಒಪ್ಪುತ್ತೇನೆ. ಆ ಲೇಖನವನ್ನು ಅಳಿಸಿಹಾಕಿಸಿದ್ದು ನಾನು.

ಅಂದು ಮಧ್ಯಾಹ್ನ ನನ್ನ ಪುಟ ತೆರೆದರೆ ನನ್ನ ಒಟ್ಟು ಸಂಖ್ಯೆ ಒಂದೇ ಏಟಿಗೆ ಮುನ್ನೂರ ಹನ್ನೆರಡು ಕಡಿಮೆಯಾಗಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಲೇಖನ ಹೋದರೆ ಅದರೊಳಗೆ ದುಡಿದವರ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ. ಆಕೆಯ ಪುಟ ನೋಡಿದೆ. ಅಲ್ಲಿ ಕಡಿಮೆಯಾಗಿದ್ದದ್ದು ಮೂವತ್ತೇಳು. ಮೂವತ್ತೇಳು ಸಲ ಆಕೆ ಬರೆದದ್ದನ್ನು ನಾನು ಮುನ್ನೂರ ಹನ್ನೆರಡು ಸಲ ಮುಟ್ಟಿದ್ದೆ. ಅರವತ್ತೊಂದು ಸಾವಿರದಲ್ಲಿ ಯಾವ ಲೇಖನಕ್ಕೂ ನಾನು ಅಷ್ಟು ಕೈ ಹಾಕಿದವಳಲ್ಲ, ನನ್ನ ‘ಅಚ್ಚಿನ ಮೊಳೆ’ಗೂ ಇಲ್ಲ. ಆಕೆಯದೆಂದು ಉರಿದು ಯಾವ ಲೇಖನವನ್ನು ಕಿತ್ತುಹಾಕಿಸಿದ್ದೆನೋ ಅದು ಅರ್ಧಕ್ಕಿಂತ ಹೆಚ್ಚು ನನ್ನದೇ ಆಗಿತ್ತು. ಕುರ್ಚಿಯಲ್ಲಿ ಕೂತಲ್ಲೇ ಅತ್ತುಬಿಟ್ಟೆ. ಮೊಳೆ ಜೋಡಿಸುವ ಕಾಲದಿಂದ ಜೊತೆಗಿರುವ ನಮ್ಮ ಫೋರ್‌ಮನ್ನು ಗಾಬರಿಯಾಗಿ ‘ಏನಾಯ್ತಮ್ಮಾ, ಯಾರಾದ್ರೂ ಹೋದ್ರಾ?’ ಎಂದರು. ಹೌದು ಎಂದೆ.

ಇನ್ನು ತಮ್ಮ ನಿಯಮಗಳ ಕಥೆ ಕೇಳಿ. ಅಳಿಸಿದ ಲೇಖನ ತೊಂಬತ್ತು ದಿನ ತಮ್ಮ ಉಗ್ರಾಣದಲ್ಲಿರುತ್ತದೆ, ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಅಷ್ಟರೊಳಗೆ ಮರುಸ್ಥಾಪನೆಗೆ ಅರ್ಜಿ ಹಾಕಬಹುದು. ಯಾರು? ಐನೂರು ಗಣನೀಯ ಸಂಪಾದನೆಗಳಿರುವವರು. ನನ್ನವು ಮೂರು. ಸರಿ, ಐನೂರು ಮಾಡೋಣ ಎಂದು ಆಯ್ಕೆಯ ಪುಟಕ್ಕೆ ಹೋಗಿ ಹದಿಮೂರು ವರ್ಷದ ಗುರುತು ತೆಗೆದು, ಎರಡು ದಿನದಲ್ಲಿ ನೂರ ನಲವತ್ತು ಕಾಗುಣಿತ ತಿದ್ದಿದೆ. ತಮ್ಮಿಂದ ಎಚ್ಚರಿಕೆ ಬಂತು: ‘ಸಣ್ಣ ತಿದ್ದುಪಡಿಗಳನ್ನು ಸಣ್ಣದೆಂದು ಗುರುತಿಸದೆ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿರುವುದನ್ನು ಗಮನಿಸಲಾಗಿದೆ. ಅವುಗಳನ್ನು ಗಣನೆಯಿಂದ ಕೈಬಿಡಲಾಗಿದೆ.’ ಹದಿಮೂರು ವರ್ಷ ಗುರುತು ಹಾಕಿದಾಗ ಯಾರೂ ಗಮನಿಸಲಿಲ್ಲ. ಎರಡು ದಿನ ಹಾಕದಿದ್ದಾಗ ಗಮನಿಸಿದಿರಿ. ಧನ್ಯಳಾದೆ. ಬೇರೆ ಸದಸ್ಯರ ಕೈಕಾಲು ಹಿಡಿದೆ. ‘ಬರೆದವ್ರೇ ಬೇಡ ಅಂದ್ಮೇಲೆ ನಾವ್ಯಾಕೆ ಮಧ್ಯ ಬರೋದು’ ಎಂದರು. ತಾತ ಈಗ ಕಣ್ಣು ಕಾಣದೆ ಬರೆಯುವುದನ್ನು ಬಿಟ್ಟಿದ್ದಾರೆ.

ಮತ್ತೆ ಬರೆಯಬಹುದಲ್ಲ ಎಂದು ತಾವು ಕೇಳಬಹುದು. ನೋಟ್‌ಬುಕ್ಕು ಆಕೆಯ ಬೀರುವಿನಲ್ಲಿದೆ. ಅದರ ತುಂಬ ಅಂಕಿಗಳು, ಗೆರೆಗಳು, ಸೊನ್ನೆಯೊಳಗೆ ಚುಕ್ಕೆಗಳು. ಅವುಗಳ ಅರ್ಥವನ್ನು ಬಾಯಲ್ಲಿ ಹೇಳಿದವರು ಈಗಿಲ್ಲ. ಮಾತು ದಾಖಲಿಸಿದ ಫೋನು ನನ್ನದು, ಯಾವತ್ತೋ ನೀರಿಗೆ ಬಿದ್ದು ಹೋಯಿತು. ಅವರು ಹೇಳಿದ್ದು ಉಳಿದಿದ್ದ ಜಾಗ ಆ ಲೇಖನವೊಂದೇ.

ಅರ್ಜಿ ಹಾಕುವ ಅರ್ಹತೆ ಇರುವವಳು ಮೇಲಿನ ಮನೆಯಲ್ಲೇ ಇದ್ದಾಳೆ. ಮೆಟ್ಟಿಲು ಹತ್ತಿ ಹೋಗಿ ಕೇಳಿದೆ. ‘ತಪ್ಪಾಯ್ತು ಕಣೇ. ನೀನು ಒಂದು ಅರ್ಜಿ ಹಾಕು, ಸಾಕು.’ ಆಕೆ ಬಟ್ಟೆ ಮಡಚುತ್ತಿದ್ದಳು. ‘ಬೇಡಕ್ಕಾ. ನೀವು ಹೇಳಿದ್ದು ಸರಿಯಾಗೇ ಇತ್ತಲ್ಲ. ಪುಸ್ತಕದಲ್ಲಿ ಬಂದಿಲ್ಲ ಅಂದ್ಮೇಲೆ ಇಲ್ಲ.’ ಸಿಟ್ಟಿಲ್ಲ, ಕೊಂಕಿಲ್ಲ. ಅಂದಿನಿಂದ ಆಕೆ ಒಂದಕ್ಷರ ಬರೆದಿಲ್ಲ. ಸಂಜೆ ಬಂದು ಅಡುಗೆ ಮಾಡುತ್ತಾಳೆ, ಕುಕ್ಕರಿನ ಮುಂದೆಯೇ ನಿಂತಿರುತ್ತಾಳೆ. ಗಾಜಿನ ಫಲಕ ಎಲ್ಲಿಟ್ಟಿದ್ದಾಳೋ ಕಾಣಿಸಲಿಲ್ಲ. ನಿಜ ಹೇಳಬೇಕೆಂದರೆ, ಅವಳಷ್ಟು ಸುಲಭವಾಗಿ ಬಿಟ್ಟುಕೊಡಲು ಬರುತ್ತದಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ನನಗೊಂದು ಪ್ರಶಸ್ತಿಯನ್ನೂ ಬಿಡಲಾಗಲಿಲ್ಲ, ಅವಳು ಅಪ್ಪನನ್ನೇ ಬಿಟ್ಟಳು.

ಹಾಗೆಂದು ನಾನೇನು ಪರಿಶುದ್ಧಳಾಗಿಬಿಟ್ಟಿಲ್ಲ. ಲೇಖನ ವಾಪಸು ಬಂದು, ಜನ ಮತ್ತೆ ಆಕೆಯ ಸುತ್ತ ಮುತ್ತಿಕೊಂಡರೆ ನಾನು ಮತ್ತೆ ಉರಿಯುತ್ತೇನೆ. ಉರಿಯಲಿ ಬಿಡಿ. ಆಕೆ ಬರೆಯದೆ ನಾನು ತಣ್ಣಗಿರುವುದಕ್ಕಿಂತ ಅದು ಎಷ್ಟೋ ಮೇಲು. ಈಗ ಬೆಳಗ್ಗೆ ಎದ್ದು ಪರದೆ ತೆರೆದರೆ ತಿದ್ದಲು ಏನೂ ಇರುವುದಿಲ್ಲ.

ಈ ಪತ್ರವನ್ನು ಪ್ರಕಟಣೆಗೆ ಕಳಿಸುವ ಮೊದಲು ಆಕೆಗೆ ತೋರಿಸುವುದು ನ್ಯಾಯ ಅನ್ನಿಸಿತು. ನಿನ್ನೆ ಮೆಟ್ಟಿಲ ಮೇಲೆ ಕೂತು ಓದಿದಳು. ಕುಕ್ಕರಿನ ಜಾಗಕ್ಕೆ ಬಂದಾಗ ತಲೆ ತಗ್ಗಿಸಿ, ‘ನೀವು ತಿದ್ತಿದ್ದದ್ದು ಹೇಳ್ಲಿಲ್ಲ ಅಲ್ವಾ ನಾನು’ ಎಂದಳು. ಮತ್ತೆ ಓದಿದಳು. ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿ ಕಣ್ಣೆತ್ತಿದಳು. ‘ಇಲ್ಲಿ “ಲೇಖನವನ್ನು ಅಳಿಸಲಾಯಿತು” ಅಂತಿದೆ. ಯಾರು ಅಕ್ಕಾ? ಯಾರು ಅಳಿಸಿದ್ದು?’ ಐವತ್ಮೂರು ದಿನದಲ್ಲಿ ಮೊದಲ ಸಲ ಆಕೆಯ ದನಿ ಏರಿತ್ತು. ‘ನಮ್ಮಪ್ಪ ಅವ್ರು. ಮೃತ ವ್ಯಕ್ತಿ ಅಲ್ಲ. ನೀವು ಹಾಗೆ ಬರೀಬಾರ್ದಿತ್ತು.’ ಅತ್ತಳು, ನಾನೂ ಅತ್ತೆ. ಅಲ್ಲೇ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ. ‘ನಾನು’ ಎಂದು ಬರೆಯುವವರೆಗೂ ಆಕೆ ಕಾಗದದ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ, ‘ಈಗ ಕಳ್ಸಿ’ ಎಂದು ಎದ್ದು ಹೋದಳು. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪು ಹಿಡಿದವಳಿಗೆ ಕಾಣದೆ ಹೋದದ್ದನ್ನು, ಕಾಗುಣಿತ ಬಾರದವಳು ಹಿಡಿದಳು.

ಮಾನ್ಯರೇ, ಇನ್ನು ಮೂವತ್ತಾರು ದಿನ ಉಳಿದಿದೆ. ಪ್ರಶಸ್ತಿ ಆಕೆಯ ಬಳಿಯೇ ಇರಲಿ, ನನಗೆ ಬೇಡ. ನನ್ನ ತಿದ್ದುಪಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಒಂದೇ ಒಂದು ಅರ್ಜಿ ಹಾಕಲು ಬಿಡಿ. ಅದು ಆಗದಿದ್ದರೆ ಹನ್ನೊಂದು ನಿಮಿಷದಲ್ಲಿ ಒತ್ತಿದ ಗುಂಡಿಯ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ, ಅದನ್ನು ತಾವೇ ಒತ್ತಿ. ಉತ್ತರ ಬರೆಯುವಾಗ ಒಂದು ಸಣ್ಣ ವಿನಂತಿ. ‘ಮರುಸ್ಥಾಪಿಸಲಾಗುವುದು’ ಎಂದು ಬರೆಯಬೇಡಿ. ‘ಮರುಸ್ಥಾಪಿಸುತ್ತೇನೆ’ ಎಂದು ಬರೆಯಿರಿ.

ಇಂತಿ,
ತಮ್ಮ ಉತ್ತರದ ಕರಡನ್ನೂ ತಿದ್ದಿಕೊಡಲು ಸಿದ್ಧಳಿರುವ,
‘ಅರ್ಧವಿರಾಮ’
(ಕಿಟಕಿಯವರ ಜೊತೆ ಬಂದವಳು)